ಮೂರೂವರೆ

ಹದಿನೆಂಟು ತಿಂಗಳಿಂದ ನನ್ನ ಬ್ಯಾಟು ಮೂಕವಾಗಿತ್ತು. ಚೆಂಡು ಬಂದು ತಾಗುತ್ತಿತ್ತು, ಅಂಗೈಗೆ ಪೆಟ್ಟು ತಿಳಿಯುತ್ತಿತ್ತು, ಚೆಂಡು ಬಲೆ ದಾಟಿ ಆಚೆ ಬೀಳುತ್ತಲೂ ಇತ್ತು. ಸದ್ದು ಮಾತ್ರ ಇಲ್ಲ. ಎದುರಿನವರು ಹೊಡೆದರೆ ಟಕ್, ಪಕ್ಕದಲ್ಲಿ ಚಿಕ್ಕಮ್ಮ ಹೊಡೆದರೆ ಟಕ್. ನನ್ನ ಸರದಿಯಲ್ಲಿ ದಿಂಬಿನ ಮೇಲೆ ದಿಂಬು ಬಿದ್ದ ಹಾಗೆ. ಸರಿಯಾಗಿ ಆ ಗಳಿಗೆಗೆ ಬೇಲಿಯಾಚೆ ನಿಂತವರಲ್ಲಿ ಯಾರಾದರೊಬ್ಬರು ಕೆಮ್ಮುತ್ತಿದ್ದರು. ನಮ್ಮ ಊರಿನ ಜನ ಒಳ್ಳೆಯವರು. ಮೂಕ ಬ್ಯಾಟಿನವರು ಹೊಡೆಯುವಾಗ ಕೆಮ್ಮುವುದು, ಬಳೆ ಸರಿಮಾಡಿಕೊಳ್ಳುವುದು, ಇಲ್ಲದ ಮಗುವನ್ನು ಹೆಸರು ಹಿಡಿದು ಕರೆಯುವುದು ಇಲ್ಲಿ ಮರ್ಯಾದೆ. ಆ ಮರ್ಯಾದೆಯಷ್ಟು ನನಗೆ ಬೇರೆ ಯಾವುದೂ ಚುಚ್ಚುತ್ತಿರಲಿಲ್ಲ.

ನಮ್ಮಲ್ಲಿ ಪಿಕಲ್‌ಬಾಲ್ ಆಡುವ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ ತಮ್ಮ ಮಟ್ಟವನ್ನು ತಾವೇ ಬರೆದುಕೊಡಬೇಕು. ಎರಡರಿಂದ ಐದರವರೆಗೆ, ಅರ್ಧರ್ಧವಾಗಿ. ಬರೆದದ್ದು ನಿಜವಾದರೆ ಬ್ಯಾಟು ಸದ್ದು ಮಾಡುತ್ತದೆ, ಅಲ್ಲದಿದ್ದರೆ ಇಲ್ಲ. ಸದ್ದಿಲ್ಲದ ಹೊಡೆತ ಆಟದ ನಡುವೆ ನಡೆಯುತ್ತದೆ, ಆದರೆ ಅಂಕ ತರುವ ಕೊನೆಯ ಹೊಡೆತ ಕೇಳಿಸಲೇಬೇಕು. ಒಂದೇ ಸಂಖ್ಯೆ ಬರೆದವರು ಮಾತ್ರ ಜೋಡಿಯಾಗಿ ಆಡಬಹುದು. ಒಬ್ಬರ ಮಟ್ಟವನ್ನು ಇನ್ನೊಬ್ಬರು ಬಾಯಿಬಿಟ್ಟು ಹೇಳುವಂತಿಲ್ಲ. ಹೇಳಿದವರ ಬ್ಯಾಟನ್ನು ಅವತ್ತೇ ಕಸಿದುಕೊಳ್ಳುತ್ತಾರೆ. ಎರಡು ಸಲ ಬರೆದು ಎರಡೂ ಸಲ ಮೂಕವಾದವರೂ ಬ್ಯಾಟು ಒಪ್ಪಿಸಬೇಕು, ಮತ್ತೆ ಯಾವತ್ತೂ ಆಡುವಂತಿಲ್ಲ. ಇಷ್ಟೇ. ಕಷ್ಟ ಏನೆಂದರೆ, ಇರುವುದಕ್ಕಿಂತ ಹೆಚ್ಚು ಬರೆದರೂ ಬ್ಯಾಟು ಮೂಕ, ಕಡಿಮೆ ಬರೆದರೂ ಮೂಕ. ಎರಡೂ ಮೌನಗಳ ನಡುವೆ ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಆದರೆ ನಮ್ಮ ಊರಿನಲ್ಲಿ ಕಡಿಮೆ ಬರೆದು ಮೂಕವಾದವರನ್ನು ಯಾರೂ ನೋಡಿರಲಿಲ್ಲ. ಆದ್ದರಿಂದ ಮೂಕ ಬ್ಯಾಟು ಕಂಡರೆ ಎಲ್ಲರಿಗೂ ಅರ್ಥ ಒಂದೇ: ಇವಳು ತನ್ನನ್ನು ತಾನು ಏನೋ ಅಂದುಕೊಂಡಿದ್ದಾಳೆ.

ನಾನು ಬರೆದದ್ದು ಮೂರೂವರೆ. ಮೊದಲ ಸಲ ಆ ಸಂಖ್ಯೆ ಬರೆದಾಗ ಬ್ಯಾಟು ಚೆನ್ನಾಗಿ ಸದ್ದು ಮಾಡಿತ್ತು. ಅರ್ಧ ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ನಿಂತುಹೋಯಿತು. ಮರುಸಲ ಬರೆಯುವ ದಿನ ಮತ್ತೆ ಮೂರೂವರೆಯನ್ನೇ ಬರೆದೆ. ಮೂಕ. ಈಗ ಮತ್ತೆ ಬರೆಯುವ ದಿನಕ್ಕೆ ಒಂದು ವಾರ ಉಳಿದಿತ್ತು. ಈ ಸಲವೂ ಮೂಕವಾದರೆ ಬ್ಯಾಟು ಒಪ್ಪಿಸಬೇಕು.

ಬ್ಯಾಟು ಒಪ್ಪಿಸುವುದೆಂದರೆ ಏನೆಂದು ನನಗೆ ದಿನಾ ಕಾಣುತ್ತಿತ್ತು. ನಾನು ಕೆಲಸ ಮಾಡುತ್ತಿದ್ದ ಕನ್ನಡಕದಂಗಡಿಯ ಮಾಲೀಕರು ವಿರೂಪಾಕ್ಷಯ್ಯ. ಹನ್ನೊಂದು ವರ್ಷಗಳ ಹಿಂದೆ ಒಪ್ಪಿಸಿದವರು. ಸಂಜೆ ಐದಕ್ಕೆ ಅಂಕಣಗಳಲ್ಲಿ ಆಟ ಶುರುವಾಗಿ ಊರಿಡೀ ಟಕ್ ಟಕ್ ಎನ್ನುವಾಗ ಅವರು ಎದ್ದು ಹೋಗಿ ಅರ್ಧ ಶಟರ್ ಎಳೆಯುತ್ತಿದ್ದರು, ಆಮೇಲೆ ರೇಡಿಯೋ ಹಾಕುತ್ತಿದ್ದರು. ಮದುವೆಗಳಿಗೆ ಅವರನ್ನು ಕರೆಯುತ್ತಿದ್ದರು, ಸಾವಿಗೆ ಕರೆಯುತ್ತಿದ್ದರು. ಸಂಜೆ ಐದರಿಂದ ಏಳರವರೆಗೆ ಯಾರೂ ಕರೆಯುತ್ತಿರಲಿಲ್ಲ. “ನೀನು ಹೋಗಮ್ಮ ಮಂದಾ, ಹೊತ್ತಾಯ್ತು,” ಎಂದು ನನ್ನನ್ನು ಕಳಿಸುವಾಗ ನನ್ನ ಕೈಚೀಲದಿಂದ ಇಣುಕುವ ಬ್ಯಾಟಿನ ಹಿಡಿಯನ್ನು ನೋಡದಿರಲು ಅವರು ಪಡುವ ಪಾಡು ಎಂಥವರಿಗೂ ತಿಳಿಯುತ್ತಿತ್ತು.

ನನ್ನ ಜೋಡಿ ಅಂಬುಜ ಚಿಕ್ಕಮ್ಮ, ನನ್ನ ತಾಯಿಯ ತಂಗಿ. ಅರವತ್ತು ದಾಟಿದವಳು. ಹನ್ನೆರಡನೇ ವಯಸ್ಸಿನಲ್ಲಿ ನನ್ನ ಕೈಗೆ ಬ್ಯಾಟು ಕೊಟ್ಟವಳೂ ಅವಳೇ. ಅವಳದೂ ಮೂರೂವರೆ, ಮತ್ತು ಅವಳ ಬ್ಯಾಟು ಗಂಟೆಯ ಹಾಗೆ ಕೇಳುತ್ತಿತ್ತು. ಕಳೆದ ಒಂದೂವರೆ ವರ್ಷದಿಂದ ನಮ್ಮ ಜೋಡಿ ಸೋತದ್ದೇ ಕಡಿಮೆ. ಅಂಕಗಳೆಲ್ಲ ಅವಳದೇ; ನನ್ನ ಹೊಡೆತಕ್ಕೆ ಅಂಕವಿಲ್ಲವಲ್ಲ. “ಈ ವಯಸ್ಸಲ್ಲಿ ಅಂಬುಜಮ್ಮನ ಕೈ ಏನು ಓಡುತ್ತೆ ನೋಡ್ರೀ!” ಎಂದು ಬೇಲಿಯಾಚೆ ಹೆಂಗಸರು ಅನ್ನುತ್ತಿದ್ದರು. “ಆ ಹುಡುಗೀನೂ ಹೊತ್ಕೊಂಡು ಆಡ್ತಾರಲ್ಲ, ಅದು ದೊಡ್ಡದು.” ನನಗೆ ಕೇಳಲೆಂದು ಅಂದದ್ದಲ್ಲ. ಆದರೆ ಮೂಕ ಬ್ಯಾಟಿನವರ ಕಿವಿ ಬಹಳ ಚುರುಕಾಗುತ್ತದೆ.

ಅವಳು ನನ್ನನ್ನು ಹೊತ್ತುಕೊಂಡು ಆಡುತ್ತಿದ್ದಾಳೆಂದು ನಾನೂ ನಂಬಿದ್ದೆ. ನಂಬಲು ಕಾರಣ ನಡುವಿನ ಚೆಂಡು. ಇಬ್ಬರು ಅಕ್ಕಪಕ್ಕ ನಿಂತಾಗ ಇಬ್ಬರ ಮಧ್ಯೆ ಬರುವ ಚೆಂಡು ಯಾರದು ಎನ್ನುವುದೇ ಜೋಡಿಯಾಟದ ದೊಡ್ಡ ತಕರಾರು. ನಾನು ಚಿಕ್ಕವಳಿದ್ದಾಗ ಆಟ ಕಲಿಸುತ್ತಾ ಚಿಕ್ಕಮ್ಮ ಒಂದು ಕಟ್ಟಳೆ ಮಾಡಿದ್ದಳು: “ನಡುವೆ ಬಂದದ್ದೆಲ್ಲ ನಿಂದು. ಓಡು. ಓಡಿದ್ರೆ ಕಲೀತೀಯ.” ನಾನು ಓಡಿದೆ, ಕಲಿತೆ. ಆ ಕಟ್ಟಳೆಯನ್ನು ಆಮೇಲೆ ಯಾರೂ ತೆಗೆಯಲಿಲ್ಲ. ಇಪ್ಪತ್ತಾರನೇ ವಯಸ್ಸಿನಲ್ಲೂ ನಡುವೆ ಬಂದ ಚೆಂಡು ತಪ್ಪಿದರೆ ಚಿಕ್ಕಮ್ಮ “ಅಯ್ಯೋ, ನಿಂದು ಕಣೇ” ಎನ್ನುವಳು, ನಾನು “ಸಾರಿ ಚಿಕ್ಕಮ್ಮ” ಎನ್ನುವೆ. ಆಟಕ್ಕೆ ಏಳೆಂಟು ಸಲ. ಮನೆಗೆ ಹೋಗಿ ತಪ್ಪುಗಳನ್ನು ಎಣಿಸಿದರೆ ನನ್ನದೇ ರಾಶಿ.

ಅಂಕಣದ ಬಾಗಿಲಲ್ಲಿ ಒಂದು ಹಲಗೆಯ ಮೇಲೆ ಪ್ರಶ್ನೆಗಳನ್ನು ಬರೆದಿದ್ದಾರೆ. ತಮ್ಮ ಮಟ್ಟ ತಿಳಿಯದವರು ಅವನ್ನು ಓದಿ ತಮಗೆ ತಾವೇ ಉತ್ತರಿಸಿಕೊಳ್ಳಬೇಕು. ಹತ್ತು ಸರ್ವಿಸಿನಲ್ಲಿ ಎಷ್ಟು ಒಳಗೆ ಬೀಳುತ್ತವೆ? ಹಿಂದಿನ ಗೆರೆಯಿಂದ ಚೆಂಡನ್ನು ಎದುರಿನವರ ಅಡುಗೆಮನೆಗೆ ಮೆತ್ತಗೆ ಇಳಿಸಬಲ್ಲೆಯಾ? ಅಡುಗೆಮನೆ ಎಂದರೆ ಬಲೆಯ ಪಕ್ಕದ ಏಳಡಿ ಪಟ್ಟಿ, ಅಲ್ಲಿ ನಿಂತು ಚೆಂಡನ್ನು ಗಾಳಿಯಲ್ಲೇ ಹೊಡೆಯುವಂತಿಲ್ಲ. ಸೋತಾಗ ಯಾಕೆ ಸೋತೆ ಎಂದು ಹೇಳಬಲ್ಲೆಯಾ? ಈ ಕೊನೆಯ ಪ್ರಶ್ನೆಗೆ ನನ್ನ ಹತ್ತಿರ ಯಾವಾಗಲೂ ಉತ್ತರವಿತ್ತು: ನನ್ನಿಂದ. ಹಾಗಾಗಿ ಈ ಸಲ ಮೂರು ಬರೆಯುವುದೆಂದು ತೀರ್ಮಾನಿಸಿದ್ದೆ. ಮೂರು ಬರೆದರೆ ಚಿಕ್ಕಮ್ಮನ ಜೋಡಿ ತಪ್ಪುತ್ತದೆ. ಆದರೆ ಬ್ಯಾಟು ಉಳಿಯುತ್ತದೆ.

ಅದನ್ನು ಚಿಕ್ಕಮ್ಮನಿಗೆ ಹೇಳಲು ಹೋದೆ. ಹುರುಳಿಕಾಯಿ ಮುರಿಯುತ್ತಾ ಕೂತಿದ್ದಳು. “ಜಾಗ ಬದಲಾಯಿಸೋಣ ಅಂತಿದೀನಿ,” ಎಂದೆ. ಸಂಖ್ಯೆ ಹೇಳುವಂತಿಲ್ಲವಾದ್ದರಿಂದ ನಮ್ಮ ಮಾತೆಲ್ಲ ಹೀಗೇ.

ಅವಳ ಕೈ ನಿಂತಿತು. “ಯಾವ ಕಡೆಗೆ?”

“ಕೆಳಗೆ.”

ಅವಳ ಉಸಿರು ಸಡಿಲಾಯಿತು ಎಂದು ಈಗ ಅನ್ನಿಸುತ್ತದೆ. ಆವಾಗ ಅದನ್ನು ಮರುಕ ಎಂದುಕೊಂಡೆ. “ಅವಸರ ಪಡಬೇಡ ಕಣೇ,” ಎಂದಳು. “ನಿಂತ ಕಡೆನೇ ನಿಲ್ಲೋಣ. ಬಂದೇ ಬರುತ್ತೆ. ನಾನಿದೀನಲ್ಲ.”

“ಬರದಿದ್ರೆ? ಇದು ಎರಡನೇದು ಚಿಕ್ಕಮ್ಮ. ಬ್ಯಾಟು ಹೋಗುತ್ತೆ.”

“ಬರುತ್ತೆ ಅಂದ್ನಲ್ಲ,” ಎಂದು ಹುರುಳಿಕಾಯಿಯ ನಾರನ್ನು ಉದ್ದಕ್ಕೆ ಎಳೆದಳು.

ಮರುದಿನ ಅವಳಿಗೆ ಹಲ್ಲು ನೋವು ಬಂದು ಕೆನ್ನೆ ಊದಿಕೊಂಡಿತು. ಆಟಕ್ಕೆ ಬರಲಿಲ್ಲ. ಬರೆಯುವ ದಿನದ ಹಿಂದಿನ ವಾರ ಅಂಕ ಲೆಕ್ಕಕ್ಕಿಲ್ಲ, ಯಾರು ಯಾರ ಜೊತೆ ಬೇಕಾದರೂ ಆಡಬಹುದು. ಬಾಗಿಲಲ್ಲಿ ಒಂಟಿಯಾಗಿ ನಿಂತಿದ್ದ ನನ್ನನ್ನು ಫ್ಲೋರಿನ್ ಟೀಚರ್ ಕರೆದರು. ನಾಲ್ಕು ಬರೆದವರು, ಗಟ್ಟಿ ಗಂಟಲಿನವರು, ಶಾಲೆಯಲ್ಲಿ ಗಣಿತ ಹೇಳುವವರು. “ಬಾರೇ, ನನ್ನ ಜೋಡಿಗೆ ಜ್ವರ. ನಿಂತ್ಕೋ ಬಲಗಡೆ.”

ಎದುರಿಗೆ ನಾಲ್ಕರ ಜೋಡಿ. ಮೂರನೆಯದೋ ನಾಲ್ಕನೆಯದೋ ಚೆಂಡು ನಮ್ಮ ನಡುವೆ ಬಂತು. ನಾನು ಓಡಿದೆ. “ನಂದು!” ಎಂದು ಟೀಚರ್ ಕಿರುಚಿ ನನ್ನ ಮೂಗಿನ ಮುಂದೆಯೇ ಹೊಡೆದರು. ಅದು ಬಲೆಗೆ ಬಿತ್ತು. ನಾನು ಅಭ್ಯಾಸದಂತೆ “ಸಾರಿ” ಎಂದೆ.

“ಯಾಕೆ?”

“ನಡುವೆ ಬಂತಲ್ಲ, ಟೀಚರ್.”

“ನಡುವೆ ಬಂದ್ರೆ ಎಡಗಡೆ ನಿಂತೋರದ್ದು. ಅವರ ಬಲಗೈ ಅಲ್ಲಿಗೆ ಬರುತ್ತೆ. ನೀನು ಹಿಂಗೈಯಲ್ಲಿ ತಡಕಾಡೋದು ಯಾಕೆ? ತಪ್ಪು ನಂದು, ಬಿಡು.” ಅವರು ಬೆವರು ಒರೆಸಿಕೊಂಡು ತಮ್ಮ ಜಾಗಕ್ಕೆ ಹೋದರು. ಅವರಿಗೆ ಅದು ಮಾತೇ ಅಲ್ಲ.

ತಪ್ಪು ನಂದು. ಹದಿನಾಲ್ಕು ವರ್ಷಗಳಲ್ಲಿ ಆ ಮಾತನ್ನು ಅಂಕಣದಲ್ಲಿ ನನ್ನನ್ನು ಬಿಟ್ಟು ಬೇರೆಯವರು ಆಡಿದ್ದನ್ನು ನಾನು ಕೇಳಿರಲಿಲ್ಲ. ಆಟ ಮುಂದುವರಿಯಿತು. ನಡುವಿನ ಚೆಂಡುಗಳಿಗೆ ನಾನು ಓಡಲಿಲ್ಲ. ಓಡದೆ ಉಳಿದಾಗ ಕೈಗೆ ಎಷ್ಟು ಬಿಡುವು ಸಿಗುತ್ತದೆ ಎಂದು ಬೆರಗಾಯಿತು. ಹಿಂದಿನ ಗೆರೆಯಿಂದ ಚೆಂಡನ್ನು ಅವರ ಅಡುಗೆಮನೆಗೆ ಇಳಿಸಿದೆ, ಮತ್ತೆ ಇಳಿಸಿದೆ. ಎದುರಿನವರು ಬೇಸತ್ತು ಎತ್ತಿಕೊಟ್ಟರು, ಟೀಚರ್ ನುಗ್ಗಿ ಬಡಿದರು. ಟಕ್. ಅಂಕ ಅವರದು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ನನಗೆ ಗುರುತು ಸಿಕ್ಕಿತು. ಇದು ನನಗೆ ಗೊತ್ತಿರುವ ಆಟ. ನಾನು ಇಳಿಸುವುದು, ಅವರು ಎತ್ತಿಕೊಡುವುದು, ಚಿಕ್ಕಮ್ಮ ಬಡಿಯುವುದು. ಊರೆಲ್ಲ ಹೊಗಳುವ ಚಿಕ್ಕಮ್ಮನ ಒಂದೂವರೆ ವರ್ಷದ ಕೈ.

ಆಟ ಮುಗಿದ ಮೇಲೆ ಟೀಚರ್ ನೀರು ಕುಡಿಯುತ್ತಾ ನನ್ನನ್ನೇ ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಅಂಕಣದ ಮೂಲೆಯಲ್ಲಿ ಕೂತಿದ್ದ, ಬ್ಯಾಟಿನ ಸದ್ದು ಕೇಳಿ ತೀರ್ಪು ಹೇಳುವ ಕೇಳುಗರ ಕಡೆ ಕಣ್ಣು ಹಾಯಿಸಿ ಬಾಯಿ ಮುಚ್ಚಿಕೊಂಡರು. “ಚೆನ್ನಾಗಿ ಊಟ ಮಾಡು,” ಎಂದು ಹೊರಟುಹೋದರು.

ಆಮೇಲಿನ ನಾಲ್ಕು ದಿನ ನನಗೆ ಊಟ ಸೇರಲಿಲ್ಲ. ಅಂಗಡಿಯಲ್ಲಿ ಕಣ್ಣು ಪರೀಕ್ಷೆಗೆ ಬಂದವರಿಗೆ ಒಂದೊಂದೇ ಗಾಜು ಬದಲಾಯಿಸಿ “ಇದು ಸ್ಪಷ್ಟನಾ, ಅದು ಸ್ಪಷ್ಟನಾ?” ಎಂದು ಕೇಳುವುದು ನನ್ನ ಕೆಲಸ. ಅವರು ಸಲೀಸಾಗಿ ಹೇಳಿಬಿಡುತ್ತಿದ್ದರು. ನಾನು ಮಾತ್ರ ಎರಡು ಗಾಜುಗಳ ನಡುವೆ ಸಿಕ್ಕಿಕೊಂಡಿದ್ದೆ. ಒಂದರಲ್ಲಿ ಮೂರು, ಇನ್ನೊಂದರಲ್ಲಿ ನಾಲ್ಕು. ಒಂದು ಆಟ ಚೆನ್ನಾಗಿ ಆಡಿದ್ದಕ್ಕೆ ತಲೆ ತಿರುಗಿರಬಹುದು. ಮೇಲೆ ಬರೆದು ಮೂಕವಾದರೆ ಬ್ಯಾಟೂ ಹೋಯಿತು, ಮುಖವೂ ಹೋಯಿತು. ಮೂರು ಬರೆದು ಮೂಕವಾದರೆ ಬರಿಯ ಬ್ಯಾಟು ಹೋಗುತ್ತದೆ, ಜನ ಅಯ್ಯೋ ಎನ್ನುತ್ತಾರೆ. ಆ ಅಯ್ಯೋ ಎನ್ನಿಸಿಕೊಳ್ಳುವ ಆಸೆಯೇ ನನ್ನನ್ನು ಮೂರರ ಕಡೆಗೆ ಎಳೆಯುತ್ತಿದೆ ಎಂದು ಹೊಳೆದಾಗ ಭಯವಾಯಿತು.

ಚಿಕ್ಕಮ್ಮ ಗುಣವಾಗಿ ಬಂದ ದಿನ ನಾನು ಒಂದು ಕೆಲಸ ಮಾಡಿದೆ. ಆಡುತ್ತಾ ಎಣಿಸಿದೆ. ಅವಳು ಎಡಗಡೆ ನಿಂತಾಗ ನಡುವೆ ಬಂದು ತಪ್ಪಿದ ಚೆಂಡು ಅವಳ ಲೆಕ್ಕ, ನಾನು ಎಡಗಡೆ ನಿಂತಾಗ ನನ್ನ ಲೆಕ್ಕ. ಅವಳು ಅಂಕ ಗಳಿಸಿದ ಹೊಡೆತಕ್ಕೆ ಹಿಂದಿನ ಹೊಡೆತ ಯಾರದು ಎಂಬುದು ಇನ್ನೊಂದು ಲೆಕ್ಕ. ಹನ್ನೊಂದು ಅಂಕಗಳಲ್ಲಿ ಒಂಬತ್ತಕ್ಕೆ ನನ್ನ ಮೂಕ ಹೊಡೆತವೇ ದಾರಿ ಮಾಡಿಕೊಟ್ಟಿತ್ತು. ನಡುವೆ ತಪ್ಪಿದ ಆರರಲ್ಲಿ ಐದು ಅವಳವು. ಐದಕ್ಕೂ ಅವಳು “ನಿಂದು ಕಣೇ” ಎಂದಳು. ನಾನು ಸಾರಿ ಎನ್ನಲಿಲ್ಲ. ಐದನೆಯ ಸಲ ಅವಳು ತಿರುಗಿ ನನ್ನ ಮುಖ ನೋಡಿದಳು.

ಬರೆಯುವ ದಿನ ಬೆಳಿಗ್ಗೆಯೇ ಅಂಕಣದ ಸುತ್ತ ಜನ ಸೇರಿದ್ದರು. ಪದ್ಧತಿ ಹೀಗಿದೆ: ಒಬ್ಬೊಬ್ಬರೇ ಪರದೆಯ ಹಿಂದೆ ಹೋಗಿ ಸ್ಲೇಟಿನ ಮೇಲೆ ಬರೆದು, ಹೊರಗೆ ಬಂದು ಎಲ್ಲರಿಗೂ ಕಾಣುವಂತೆ ಕಂಬಕ್ಕೆ ತೂಗುಹಾಕಬೇಕು. ಆಮೇಲೆ ಅವರ ಜೋಡಿಯವರು ಬಲೆಯ ಆಚೆಯಿಂದ ಹತ್ತು ಚೆಂಡು ಕೊಡುತ್ತಾರೆ. ಕೇಳುಗರು ಕಣ್ಣು ಮುಚ್ಚಿ ಕೂತು ಕೇಳುತ್ತಾರೆ. ಹತ್ತನೆಯ ಚೆಂಡಿಗೆ ಮುಂಚೆ ಒಮ್ಮೆ ಮಾತ್ರ ಸ್ಲೇಟು ಒರೆಸಿ ಬೇರೆ ಸಂಖ್ಯೆ ಬರೆಯಬಹುದು, ಯಾರ ಮಾತೂ ಇಲ್ಲದೆ, ತಾವಾಗಿ. ಹಿಂದಿನ ಸಲ ಮೂಕವಾದವರಿಗೆ ಆ ಅವಕಾಶವೂ ಇಲ್ಲ. ಹಿಂದಿನ ಸಲ ನನಗೆ ಅದಿತ್ತು. ಚಿಕ್ಕಮ್ಮ ಒಂದರ ಹಿಂದೊಂದು ಹತ್ತೂ ಚೆಂಡು ಕೊಟ್ಟಿದ್ದಳು. ಪ್ರತಿ ಚೆಂಡಿಗೂ “ಬರುತ್ತೆ, ಬರುತ್ತೆ” ಎಂದಿದ್ದಳು. ಒರೆಸಬೇಕೆಂದು ನನಗೆ ಹೊಳೆದೇ ಇರಲಿಲ್ಲ.

ಕೇಳುಗರಾದ ದಾದಾಪೀರ್ ಸಾಹೇಬರು ನನ್ನ ಹೆಸರು ಕೂಗಿದರು. ಪರದೆಯ ಹಿಂದೆ ಹೋಗಿ ಬಳಪ ಎತ್ತಿಕೊಂಡೆ. ನಾಲ್ಕು ಎಂದು ಬರೆದೆ. ನನ್ನ ಕೈಬರಹ ಬೇರೆ ಯಾರದೋ ಎಂಬಂತೆ ಕಂಡಿತು.

ಸ್ಲೇಟು ತೂಗುಹಾಕಿದ ಕೂಡಲೇ ಗುಂಪು ಗುಸುಗುಟ್ಟಿತು. “ಏನಮ್ಮ ಇದು, ಇಳೀತಾಳೆ ಅಂದ್ಕೊಂಡ್ರೆ ಹತ್ತಿದಾಳೆ!” ಎಂದು ಯಾರೋ ಅಂದರು. “ಹೋಗ್ಲಿ ಬಿಡ್ರೀ, ಹೋಗೋದು ಹೇಗೂ ಹೋಗುತ್ತೆ, ಮೆರೆದೇ ಹೋಗಲಿ,” ಎಂದು ಇನ್ನೊಬ್ಬರು. ನಕ್ಕರು. ಬಲೆಯಾಚೆ ಚಿಕ್ಕಮ್ಮ ಚೆಂಡು ಹಿಡಿದು ನಿಂತಿದ್ದಳು. ಸ್ಲೇಟು ನೋಡಿದವಳ ಮುಖದಲ್ಲಿ ಅಚ್ಚರಿ ಇರಲಿಲ್ಲ. ಅದೊಂದೇ ನನಗೆ ಬೇಕಾಗಿದ್ದ ಉತ್ತರ.

ಅವಳು ಚೆಂಡು ಕೊಡಲಿಲ್ಲ. ಅಂಗೈಯಲ್ಲಿ ಅದನ್ನು ತಿರುಗಿಸುತ್ತಾ ನಿಂತಳು.

“ಕೊಡೀ ಅಂಬುಜಮ್ಮ,” ಎಂದರು ದಾದಾಪೀರ್, ಕಣ್ಣು ಮುಚ್ಚಿಕೊಂಡೇ.

ಕೊಟ್ಟಳು. ಕಾಲ ಬುಡಕ್ಕೆ, ವೇಗವಾಗಿ, ಅತಿ ಕೆಟ್ಟ ಚೆಂಡು. ಬಗ್ಗಿ ಅದರ ಅಡಿಗೆ ಬ್ಯಾಟು ಒಡ್ಡಿದೆ.

ಟಕ್.

ಎಷ್ಟು ಸಣ್ಣ ಸದ್ದು. ಅಷ್ಟು ಸಣ್ಣದೆಂದು ಮರೆತೇಹೋಗಿತ್ತು. ಯಾರೋ ಅಭ್ಯಾಸಬಲದಿಂದ ಆಗಲೇ ಕೆಮ್ಮಿದ್ದರು, ಅರ್ಧದಲ್ಲೇ ನುಂಗಿಕೊಂಡರು. ಎರಡನೆಯದು, ಟಕ್. ಮೂರನೆಯದು. ಏಳನೆಯ ಹೊತ್ತಿಗೆ ನನಗೆ ಕಣ್ಣು ಕಾಣುತ್ತಿರಲಿಲ್ಲ, ನೀರು ತುಂಬಿತ್ತು. ಸದ್ದಿನ ಮೇಲೆಯೇ ಆಡಿದೆ. “ಹತ್ತೂ ಕೇಳಿಸಿತು. ನಾಲ್ಕು,” ಎಂದರು ದಾದಾಪೀರ್. ಫ್ಲೋರಿನ್ ಟೀಚರ್ ಒಬ್ಬರೇ ಜೋರಾಗಿ ಚಪ್ಪಾಳೆ ಹೊಡೆದರು.

ಮುಂದಿನ ಸರದಿ ಚಿಕ್ಕಮ್ಮನದು. ಬದಿ ಬದಲಾಯಿಸುವಾಗ ಬಲೆಯ ಕಂಬದ ಹತ್ತಿರ ಎದುರುಬದುರಾದೆವು.

“ನಿಂಗೆ ಗೊತ್ತಿತ್ತು ಅಲ್ವಾ ಚಿಕ್ಕಮ್ಮ?”

“ಮೊದಲನೇ ದಿನವೇ ಗೊತ್ತಾಯ್ತು.” ಅವಳು ನನ್ನ ಕಡೆ ನೋಡಲಿಲ್ಲ. “ಹೇಳೋ ಹಾಗಿರಲಿಲ್ವಲ್ಲ.”

“ಹೇಳೋ ಹಾಗಿದ್ದಿದ್ರೆ ಹೇಳ್ತಿದ್ಯಾ?”

ಅವಳು ಪರದೆಯ ಹಿಂದೆ ಹೋದಳು.

ಬಂದು ಸ್ಲೇಟು ತೂಗುಹಾಕಿದಳು. ನಾಲ್ಕು. ಗುಂಪು ಸಂತೋಷದಿಂದ ಹೋ ಎಂದಿತು. ಅವರ ಕಣ್ಣಿಗೆ ಅದು ಎಷ್ಟೋ ದಿನದಿಂದ ಬರಬೇಕಾಗಿದ್ದ ನಾಲ್ಕು. ನಾನು ಬಲೆಯಾಚೆ ಚೆಂಡಿನ ಬುಟ್ಟಿಯ ಪಕ್ಕ ನಿಂತಿದ್ದೆ. ನನ್ನ ಜೋಡಿ ಉಳಿಸಿಕೊಳ್ಳಲು ಬರೆದಳೋ, ಊರಿನ ಹೊಗಳಿಕೆಯನ್ನು ನಿಜವಾಗಿಯೂ ನಂಬಿದ್ದಳೋ, ನನಗೆ ಇವತ್ತಿಗೂ ತಿಳಿಯದು. ಮೊದಲನೆಯ ಚೆಂಡು ಕೊಟ್ಟೆ, ಸುಲಭವಾದದ್ದನ್ನೇ. ಅವಳು ಹೊಡೆದಳು. ಏನೂ ಇಲ್ಲ.

ಎರಡನೆಯದು, ಏನೂ ಇಲ್ಲ. ಬೇಲಿಯಾಚೆ ಯಾರೂ ಕೆಮ್ಮಲಿಲ್ಲ, ಯಾಕೆಂದರೆ ಯಾರೂ ಅದಕ್ಕೆ ಸಿದ್ಧರಾಗಿರಲಿಲ್ಲ. ಮೂರು. ನಾಲ್ಕು. ಚಿಕ್ಕಮ್ಮ ಬ್ಯಾಟಿನ ಹಿಡಿಯನ್ನು ಬಿಗಿ ಮಾಡಿ ಇನ್ನೂ ಜೋರಾಗಿ ಹೊಡೆದಳು. ಜೋರಾದಷ್ಟೂ ಮೌನ ದೊಡ್ಡದಾಯಿತು. ಅವಳ ಕುತ್ತಿಗೆಯ ನರ ಎದ್ದು ಕಾಣುತ್ತಿತ್ತು. ಐದನೆಯದಕ್ಕೆ ನನ್ನೊಳಗೆ ಒಂದು ದನಿ ಅನುಭವಿಸಲಿ ಎಂದಿತು. ಹದಿನೆಂಟು ತಿಂಗಳು. ಅವಳೂ ಒಂದು ವರ್ಷ ಆ ಕೆಮ್ಮುಗಳನ್ನು ಕೇಳಲಿ. ಆರು. ನಾನೂ ಹೇಳುವಂತಿಲ್ಲವಲ್ಲ. ಏಳು. ಕಾನೂನೇ ಇದೆಯಲ್ಲ. ಎಂಟನೆಯದನ್ನು ಕೊಡುವಾಗ ನನ್ನ ಕೈಗೆ ಎಷ್ಟು ಹಿತವಾಗಿತ್ತೆಂದರೆ, ಹಿಂದಿನ ಸಲ ನನಗೆ ಚೆಂಡು ಕೊಡುತ್ತಿದ್ದವಳ ಕೈಗೂ ಹೀಗೇ ಅನ್ನಿಸಿರಬೇಕು ಎಂದು ಗೊತ್ತಾಯಿತು. ಒಂಬತ್ತು.

ಹತ್ತನೆಯ ಚೆಂಡು ಕೈಯಲ್ಲಿತ್ತು. ಅವಳು ಕಾಲು ಅಗಲಿಸಿ, ಬ್ಯಾಟು ಮುಂದಿಟ್ಟು ಕಾಯುತ್ತಿದ್ದಳು. ಸೆರಗು ಬೆವರಿಗೆ ಅಂಟಿಕೊಂಡಿತ್ತು.

ನಾನು ಕೊಡಲಿಲ್ಲ.

“ಹತ್ತನೇದು ಕೊಡಮ್ಮ,” ಎಂದರು ದಾದಾಪೀರ್.

ಚೆಂಡನ್ನು ಎದೆಗೆ ಒತ್ತಿ ಹಿಡಿದು ನಿಂತೆ. ಬಾಯಿ ಗಟ್ಟಿಯಾಗಿ ಮುಚ್ಚಿದ್ದೆ. ಒಂದು ಅಕ್ಷರ ಆಡಿದರೆ ಈಗಷ್ಟೇ ಸದ್ದು ಬಂದ ನನ್ನ ಬ್ಯಾಟು ಹೋಗುತ್ತದೆ. ಗುಂಪಿನಲ್ಲಿ ಗೊಣಗಾಟ ಎದ್ದಿತು.

“ಕೊಡೇ,” ಎಂದಳು ಚಿಕ್ಕಮ್ಮ.

ಕೊಡಲಿಲ್ಲ. ಅವಳ ಕಣ್ಣನ್ನೇ ನೋಡುತ್ತಾ ನಿಂತೆ. ಅವಳು ನನ್ನ ಮುಖ ನೋಡಿದಳು, ಚೆಂಡು ನೋಡಿದಳು, ಆಮೇಲೆ ಮೆಲ್ಲಗೆ ಕಂಬದ ಮೇಲಿನ ಸ್ಲೇಟಿನ ಕಡೆ ಕತ್ತು ತಿರುಗಿಸಿದಳು.

“ಸಾಹೇಬ್ರೇ, ಇದು ಹೇಳಿದ ಹಾಗೇ ಆಯ್ತಲ್ಲ!” ಎಂದು ಬೇಲಿಯಾಚೆಯಿಂದ ಯಾರೋ ಕೂಗಿದರು. “ಅವಳ ಬ್ಯಾಟು ತಗೊಳ್ಳಿ!”

ದಾದಾಪೀರ್ ಕಣ್ಣು ತೆರೆಯಲಿಲ್ಲ. “ನನಗೇನೂ ಕೇಳಿಸಲಿಲ್ಲ,” ಎಂದರು.

ಚಿಕ್ಕಮ್ಮ ಕಂಬದವರೆಗೆ ನಡೆದಳು. ಸೆರಗಿನ ತುದಿಯಿಂದ ನಾಲ್ಕನ್ನು ಒರೆಸಿದಳು, ಪೂರ್ತಿ ಹೋಗುವವರೆಗೂ ಒರೆಸಿದಳು. ಮೂರೂವರೆ ಎಂದು ಬರೆದಳು. ನನ್ನ ಬ್ಯಾಟಿಗೆ ಇನ್ನು ಅವಳ ಪಕ್ಕದಲ್ಲಿ ಜಾಗವಿಲ್ಲ, ಅವಳ ಅಂಕಗಳಿಗೆ ಇನ್ನು ನಾನಿಲ್ಲ. ಅದು ಅವಳಿಗೂ ಗೊತ್ತಿತ್ತು. ವಾಪಸು ಬಂದು ಬಲೆಯ ಹತ್ತಿರ ಒಂದು ಕ್ಷಣ ನಿಂತು, ನನಗೊಬ್ಬಳಿಗೇ ಕೇಳುವಂತೆ ಅಂದಳು.

“ಅವತ್ತು ನಾನು ಇಷ್ಟು ಮಾಡಿದ್ರೆ ಸಾಕಾಗಿತ್ತಲ್ಲೇ, ಮಂದಾ.”

“ಹೌದು,” ಎಂದೆ. ಚೆಂಡು ಕೊಟ್ಟೆ.